ಹೊನ್ನೆಕೆರೆಯ ಕಳ್ಳನನ್ನು ಶಿಲ್ಪಶ್ರೀ ಹಿಡಿದದ್ದು

ನಮ್ಮಣ್ಣನ ಮಗಳು ಶಿಲ್ಪಶ್ರೀ ತೀರ್ಥಹಳ್ಳಿಯ ಒಂದು ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ಅದು ಸಂಬಳದ ಕೆಲಸ. ಸಂಬಳವಿಲ್ಲದ ಕೆಲಸ ಇನ್ನೊಂದಿದೆ, ಅವಳು ನಿಜವಾಗಿ ಬದುಕುವುದು ಅದರಲ್ಲೇ. ಅದರ ಹೆಸರು ಅವಕಲ ಸಮೀಕರಣ. ಏಳನೇ ಕ್ಲಾಸಿಗೆ ಶಾಲೆಗೆ ಕೈಮುಗಿದ ನನಗೆ ಈ ಎರಡು ಪದ ನಾಲಿಗೆಗೆ ಕೂರಲು ಬಹಳ ಕಾಲ ಹಿಡಿಯಿತು. ರಿಪ್ಪನ್‌ಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಕೆಲವರು, "ನಿಮ್ ಹುಡುಗಿ ಇನ್ನೂ ಓದೋದೇನಾ? ಅಷ್ಟು ಓದಿ ಎಂತ ಮಾಡ್ತಾಳೆ?" ಎಂದು ಕೇಳುವುದುಂಟು. ಅಂಥವರಿಗೆ ನಾನು ಬಾಯಲ್ಲಿ ಕೊಡುವ ಉತ್ತರವನ್ನು ಇಲ್ಲಿ ಬರೆಯುವಂತಿಲ್ಲ. ಬರೆಯಬಹುದಾದ ಉತ್ತರ ಇದು.

ಅವಕಲ ಸಮೀಕರಣ ಎಂದರೆ ಏನೆಂದು ನಾನು ಅವಳನ್ನು ಕೇಳಿದ್ದು ನನ್ನ ಹಿಟ್ಟಿನ ಗಿರಣಿಯಲ್ಲಿ. ಕರೆಂಟು ಹೋಗಿತ್ತು. ಗಿರಣಿ ನಿಂತಿತ್ತು. ಲೈನ್‌ಮನ್ನಿಗೆ ಫೋನಿನಲ್ಲಿ ಬೈದು ಮುಗಿಸಿ ನಾನು ಆಗಷ್ಟೇ ಕೂತಿದ್ದೆ.

"ಚಿಕ್ಕಪ್ಪ, ಈಗ ನಿನ್ನ ಸಿಟ್ಟನ್ನೇ ತಗೋ," ಅಂದಳು. "ಎಷ್ಟು ಸಿಟ್ಟಿದೆ ಅಂತ ಎಲ್ಲರೂ ಕೇಳ್ತಾರೆ. ನಾವು ಕೇಳೋದು, ಅದು ಎಷ್ಟು ಬೇಗ ಇಳೀತಿದೆ ಅಂತ. ಜಾಸ್ತಿ ಇದ್ದಾಗ ದಡದಡ ಇಳಿಯತ್ತೆ. ಕಮ್ಮಿ ಆದ ಹಾಗೆ ಇಳಿಯೋದೂ ನಿಧಾನ. ಇಷ್ಟು ಗೊತ್ತಿದ್ರೆ ಸಾಕು, ನಾಳೆ ಬೆಳಿಗ್ಗೆ ನಿನ್ ಹತ್ರ ಎಷ್ಟು ಸಿಟ್ಟು ಉಳಿದಿರತ್ತೆ ಅಂತ ಇವತ್ತೇ ಹೇಳಬಹುದು."

"ಪೂರ್ತಿ ಹೋಗೋದು ಯಾವಾಗ?"

"ಲೆಕ್ಕದ ಪ್ರಕಾರ ಪೂರ್ತಿ ಹೋಗೋದೇ ಇಲ್ಲ. ಸೊನ್ನೆ ಹತ್ರ ಹತ್ರ ಹೋಗ್ತಾ ಇರತ್ತೆ, ಮುಟ್ಟಲ್ಲ."

ಹಿಟ್ಟು ಬೀಸಿಸಲು ಬಂದಿದ್ದ ಹೆಂಗಸರು ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕರು. ನನಗೆ ಸಿಟ್ಟು ಬಂತು, ಆದರೆ ವಿಷಯ ಅರ್ಥವಾಯಿತು. ಇವತ್ತಿಗೂ ಮರೆತಿಲ್ಲ.

ನಮ್ಮೂರು ಬಿದಿರಮಕ್ಕಿ, ಹೊಸನಗರ ತಾಲ್ಲೂಕು. ಪಕ್ಕದ ನೇರಲಕೊಪ್ಪ ನಮ್ಮ ಅತ್ತಿಗೆ ಬೆಳ್ಳಮ್ಮನ ತವರು. ಎರಡು ಊರಿಗೂ ನಡುವೆ ಒಂದೇ ಕೆರೆ, ಹೊನ್ನೆಕೆರೆ. ಏರಿಯ ಆ ತುದಿಗೆ ಒಂಟಿಯಾಗಿ ನಿಂತಿರುವ ಮನೆ ಅತ್ತಿಗೆಯ ಅಣ್ಣ ಕನ್ನಪ್ಪನದು. ನಮ್ಮಣ್ಣ ಮಾತಾಡುವ ಜಾತಿಯವನಲ್ಲ, ಮನೆಯ ಮಾತಿನ ಪಾಲೆಲ್ಲ ನನಗೇ ಬಂದಿದೆ. ಹಾಗಾಗಿ ಶಿಲ್ಪಶ್ರೀಯನ್ನು ಗದರಿಸಿ ಬೆಳೆಸಿದವನು ನಾನು, ಮುದ್ದು ಮಾಡಿ ಬೆಳೆಸಿದವನು ಅವಳ ಸೋದರಮಾವ ಕನ್ನಪ್ಪ. ಅವಳು ಹೈಸ್ಕೂಲು ಸೇರಿದಾಗ ನಮ್ಮ ಕಡೆಗೆ ಬಸ್ಸು ಇರಲಿಲ್ಲ. ಕನ್ನಪ್ಪ ದಿನವೂ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ರಿಪ್ಪನ್‌ಪೇಟೆಗೆ ಬಿಟ್ಟು ಬರುತ್ತಿದ್ದ, ಸಂಜೆ ಮತ್ತೆ ಹೋಗಿ ಕರೆತರುತ್ತಿದ್ದ. ಏರು ಬಂದಲ್ಲಿ ಇಳಿದು ತಳ್ಳುತ್ತ, "ಇವತ್ತು ಎಂತ ಲೆಕ್ಕ?" ಅನ್ನುವನು. ಅವಳು ಹೇಳುವಳು. ಇವನು ಹೂಂ ಹೂಂ ಅನ್ನುವನು. ಏನೂ ತಿಳಿಯದೆ ಅಷ್ಟು ಶ್ರದ್ಧೆಯಿಂದ ಹೂಂಗುಟ್ಟುವ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ. ಆ ಹೂಂ ಅವಳಿಗೆ ಸಾಕಾಗಿತ್ತು. ಸಾಗರದಲ್ಲಿ ಡಿಗ್ರಿ ಮಾಡಿದಳು, ಶಂಕರಘಟ್ಟದಲ್ಲಿ ಎಂ.ಎಸ್ಸಿ. ಮಾಡಿದಳು, ಅಲ್ಲಿಗೂ ನಿಲ್ಲಿಸದೆ ಡಾಕ್ಟರೇಟಿಗೆ ಕೂತಳು.

ಅವಳು ಕೆಲಸ ಮಾಡುವ ರೀತಿ ನೋಡಬೇಕು. ಕುರ್ಚಿ, ಮೇಜು ಎಲ್ಲ ಇವೆ, ಆದರೆ ಕಷ್ಟದ ಲೆಕ್ಕವಾದರೆ ನಮ್ಮ ಜಗಲಿಯ ಕೆಂಪು ನೆಲವೇ ಆಗಬೇಕು. ಸೀಮೆಸುಣ್ಣ ಹಿಡಿದು ಒಂದು ಮೂಲೆಯಲ್ಲಿ ಶುರು ಮಾಡಿದರೆ ಕುಕ್ಕರುಗಾಲಲ್ಲೇ ಹಿಂದೆ ಸರಿಯುತ್ತ ಸರಿಯುತ್ತ ಅಂಗಳದ ಮೆಟ್ಟಿಲಿಗೆ ಬಂದು ನಿಲ್ಲುತ್ತಾಳೆ. ಒಮ್ಮೆ ಬೆಳ್ಳಮ್ಮ ಅತ್ತಿಗೆ ಗೊತ್ತಿಲ್ಲದೆ ಅರ್ಧ ನೆಲ ಒರೆಸಿಬಿಟ್ಟಳು. ಆಮೇಲೆ ಕೈಕೈ ಹಿಸುಕಿಕೊಂಡಳು.

"ಬಿಡಮ್ಮ, ಅಷ್ಟರಲ್ಲಿ ತಪ್ಪಿತ್ತು," ಅಂದಳು ಮಗಳು. "ಮಿಕ್ಕಿದ್ದೂ ಒರೆಸು."

ಅವಳು ಹಿಡಿದದ್ದು ಆ ಸಮೀಕರಣಗಳಲ್ಲೇ ಒಂದು ಜಾತಿ. ತಿನ್ನುವುದು ಒಂದು, ತಿನ್ನಿಸಿಕೊಳ್ಳುವುದು ಒಂದು. ತಿನ್ನಿಸಿಕೊಳ್ಳುವುದು ಹೆಚ್ಚಿದರೆ ತಿನ್ನುವುದೂ ಹೆಚ್ಚುತ್ತದೆ. ತಿನ್ನುವುದು ಹೆಚ್ಚಾದರೆ ತಿನ್ನಿಸಿಕೊಳ್ಳುವುದು ಕಡಿಮೆಯಾಗುತ್ತದೆ. ಆಮೇಲೆ ಹೊಟ್ಟೆಗಿಲ್ಲದೆ ತಿನ್ನುವುದೂ ಕಡಿಮೆಯಾಗುತ್ತದೆ. ಹೀಗೆ ಒಂದರ ಹಿಂದೆ ಒಂದು ಸುತ್ತುತ್ತಲೇ ಇರುತ್ತವಂತೆ. ಕಾಡಿನ ಹುಲಿ, ಜಿಂಕೆ ಅಂತಲೇ ನಾವೆಲ್ಲ ತಿಳಿದಿದ್ದೆವು. ನಿಜ ಹೇಳಬೇಕೆಂದರೆ ಅವಳೂ ಹಾಗೇ ತಿಳಿದಿದ್ದಳು.

ಈಗ ಕೆರೆಬೇಟೆಯ ವಿಷಯ ಹೇಳಬೇಕು. ಬೇಸಿಗೆಯಲ್ಲಿ ನೀರು ಸೊಂಟದ ಮಟ್ಟಕ್ಕೆ ಇಳಿದಾಗ ಒಂದು ದಿನ ಗೊತ್ತು ಮಾಡಿ ಊರೂರಿನ ಗಂಡಸರೆಲ್ಲ ಕೂಣಿ ಹಿಡಿದು ಕೆರೆಯ ಸುತ್ತ ನಿಲ್ಲುತ್ತಾರೆ. ಕೂಣಿ ಎಂದರೆ ಬಿದಿರಿನ ಬುಟ್ಟಿ, ಅಡಿಗೂ ಬಾಯಿ, ಮುಡಿಗೂ ಬಾಯಿ. ಅದನ್ನು ಕೆಸರಿಗೆ ಊರಿ, ಮೇಲಿನ ಬಾಯಿಂದ ಕೈ ಹಾಕಿ ಒಳಗೆ ಸಿಕ್ಕಿದ ಮೀನು ಹಿಡಿಯುವುದು. ಕೆರೆಯ ಹಿರಿಯ ಟವೆಲ್ಲು ಬೀಸುವವರೆಗೆ ಒಬ್ಬನೂ ನೀರು ಮುಟ್ಟುವಂತಿಲ್ಲ. ಬೀಸಿದ ಮೇಲೆ ಯಾರೂ ಯಾರ ಮಾತೂ ಕೇಳುವಂತಿಲ್ಲ! ಹೊನ್ನೆಕೆರೆಗೆ ಆ ಹಿರಿತನ ನಮ್ಮೂರಿನ ಶೇಷಪ್ಪಣ್ಣನ ಮನೆಯದು. ಅವರ ಮನೆಯಲ್ಲಿ ಸಾವಾದರೆ ಆ ವರ್ಷ ಬೇಟೆಯಾಡದೆ ಕೆರೆಯನ್ನು ಬಿಡಬೇಕೆಂಬುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಒಂದು ವರ್ಷ ಅವನ ತಾಯಿ ತೀರಿಕೊಂಡರು, ಮರುವರ್ಷ ಅವನ ಅಣ್ಣ. ಎರಡು ಬೇಸಿಗೆ ಕೆರೆಗೆ ಯಾರೂ ಇಳಿಯಲಿಲ್ಲ.

ಮೂರನೇ ಬೇಸಿಗೆಗೆ ಸೇರಿದ ಜನ ನೋಡಬೇಕಿತ್ತು. ಸಾಗರದ ಕಡೆಯಿಂದ ಗೂಡ್ಸ್ ಆಟೊ ಮಾಡಿಕೊಂಡು ಬಂದಿದ್ದರು. ಎರಡು ವರ್ಷ ಮುಟ್ಟದ ಕೆರೆ, ಮೀನಿನ ಮೇಲೆ ಮೀನು ನಿಂತಿರುತ್ತದೆ ಎಂದು ಎಲ್ಲರ ಎಣಿಕೆ. ನನ್ನದೂ ಅದೇ. ಬಿಟ್ಟರೆ ಬೆಳೆಯುತ್ತದೆ ಎಂಬುದರಲ್ಲಿ ಅನುಮಾನಕ್ಕೆ ಜಾಗವೆಲ್ಲಿ?

ಶೇಷಪ್ಪಣ್ಣ ಟವೆಲ್ಲು ಬೀಸಿದ. ಹೋ ಎಂದು ಕೂಗಿ ಎಲ್ಲರೂ ಒಟ್ಟಿಗೆ ಹಾರಿದರು. ಕೂಣಿ ಊರಿದರು. ಕೈ ಹಾಕಿದರು. ಕೆಸರು ಬಂತು.

ಅಲ್ಲೊಂದು ಇಲ್ಲೊಂದು ಕುಚ್ಚು ಸಿಕ್ಕಿತು. ಹಾವಿನ ತಲೆಯಂಥ ತಲೆಯ, ಬೇರೆ ಮೀನು ತಿಂದು ಬೆಳೆಯುವ ಮೀನು ಅದು. ಸಿಕ್ಕವು ತೋಳುದ್ದ ಇದ್ದವು. ಆದರೆ ಸಸಲು, ಮನೆಮನೆಯ ಸಾರಿಗೂ ಸಾಕಾಗಿ ಮಿಕ್ಕುತ್ತಿದ್ದ ಬೆರಳುದ್ದದ ಸಸಲು, ಅದರ ಸುಳಿವೇ ಇಲ್ಲ. ಹೊರಗಿನಿಂದ ಬಂದವರು ಕೂಣಿ ತೊಳೆದುಕೊಂಡು ಬೈಯುತ್ತ ಹೋದರು. ಶೇಷಪ್ಪಣ್ಣನ ಮುಖ ಕಪ್ಪಿಟ್ಟಿತು.

"ರಾತ್ರಿ ಬಲೆ ಬಿದ್ದಿದೆ ಈ ಕೆರೆಗೆ," ಅಂದ, ಎಲ್ಲರಿಗೂ ಕೇಳುವಂತೆ. "ಏರಿ ಮೇಲೆ ಮನೆ ಇರೋದು ಒಂದೇ. ಹೋದ ವರ್ಷ ಹೊಸದಾಗಿ ಹೆಂಚು ಹೊದಿಸಿದ್ದೂ ಅದೇ ಮನೆ."

ಕನ್ನಪ್ಪ ಇನ್ನೂ ಕೆಸರಲ್ಲೇ ನಿಂತಿದ್ದ. "ಏನಂದೆ? ಇನ್ನೊಂದ್ಸಲ ಹೇಳು ಶೇಷಪ್ಪ."

"ಹೆಸರು ಹೇಳಿದ್ನಾ ನಾನು? ಹೆಂಚು ಅಂದೆ ಅಷ್ಟೆ."

ಆಮೇಲೆ ನಡೆದದ್ದು ಬಡಿದಾಟ. ನಾನೂ ಸುಮ್ಮನೆ ನಿಂತವನಲ್ಲ. ಯಾರ ಕಡೆಗೆ ಬಡಿದಾಡಿದೆ ಎಂಬುದು ಮಾತ್ರ ಇವತ್ತಿಗೂ ಖಚಿತವಿಲ್ಲ. ಕೆಸರು ಮೆತ್ತಿದ ಮೇಲೆ ಎಲ್ಲರೂ ಒಂದೇ ಥರ ಕಾಣುತ್ತಾರೆ. ಕನ್ನಪ್ಪ ತನ್ನ ಕೂಣಿಯನ್ನು ಕೆರೆಗೇ ಬಿಸಾಕಿ ಏರಿ ಹತ್ತಿದ. "ಇವತ್ತಿಂದ ನನ್ನ ಬಾಗಿಲಿಗೆ ಬಿದಿರಮಕ್ಕಿಯವರು ಯಾರೂ ಬರೂದು ಬ್ಯಾಡ. ತಂಗಿ ಆದ್ರೂ ಅಷ್ಟೆ," ಎಂದು ಕೂಗಿ ಹೋದ. ಶೇಷಪ್ಪಣ್ಣ ಅಲ್ಲೇ ತೀರ್ಮಾನ ಹೇಳಿದ. ಇನ್ನು ಮೂರು ವರ್ಷ ಕೆರೆ ಬಂದ್, ಕಾವಲು ಹಾಕಿಸುವುದು, ನೇರಲಕೊಪ್ಪದವರಿಗೆ ಬೇಟೆಯಲ್ಲಿ ಪಾಲಿಲ್ಲ.

ನಮ್ಮ ಅಂಗಳದಿಂದ ನೋಡಿದರೆ ಕನ್ನಪ್ಪನ ಮನೆಯ ಹೊಗೆ ಕಾಣುತ್ತದೆ. ಆ ಹೊಗೆ ನೋಡಿಯೇ ಅತ್ತಿಗೆ, "ಇವತ್ತು ನಮ್ಮಣ್ಣನ ಮನೇಲಿ ಒಲೆ ಹಚ್ಚಿದ್ದು ತಡ," ಎಂದೋ, "ಯಾರೋ ನೆಂಟ್ರು ಬಂದಿದಾರೆ," ಎಂದೋ ಹೇಳುತ್ತಿದ್ದಳು. ಆ ದಿನದಿಂದ ಆ ಕಡೆ ಬೆನ್ನು ಹಾಕಿ ಕೂರತೊಡಗಿದಳು.

ಮುಂದಿನ ಭಾನುವಾರ ಶಿಲ್ಪಶ್ರೀ ಹೊಸನಗರದ ಬಸ್ಸು ಹಿಡಿದು ಊರಿಗೆ ಬಂದಳು. ನಾನು ಎಲ್ಲವನ್ನೂ, ಬಡಿದಾಟ ಸಮೇತ, ವಿವರವಾಗಿ ಹೇಳಿದೆ. ಅವಳು ಕಾಫಿ ಲೋಟ ಹಿಡಿದು ಕೇಳುತ್ತಿದ್ದಳು.

"ಯಾವ ಮೀನು ಸಿಕ್ತು ಚಿಕ್ಕಪ್ಪ?"

"ಸಿಕ್ಲಿಲ್ಲ ಅಂತ ಬಡ್ಕೊಳ್ತಿದೀನಲ್ಲ!"

"ಎಷ್ಟು ಅಂತ ಕೇಳಿಲ್ಲ. ಯಾವುದು ಅಂತ ಕೇಳ್ದೆ."

"ಕುಚ್ಚು. ಬರೀ ಕುಚ್ಚು, ದೊಡ್ಡದೊಡ್ಡವು."

"ಸಸಲು?"

"ಬೆಕ್ಕಿಗೆ ಹಾಕಕ್ಕೂ ಇಲ್ಲ."

ಅವಳು ಲೋಟ ಕೆಳಗಿಟ್ಟು ಚಪ್ಪಾಳೆ ತಟ್ಟಿ ನಗತೊಡಗಿದಳು. ಒಳಗಿಂದ ಬೆಳ್ಳಮ್ಮ ಅತ್ತಿಗೆ ಸೌಟು ಹಿಡಿದೇ ಬಂದಳು. "ನನ್ನ ತವರಿಗೆ ಕಳ್ಳರು ಅಂತ ಹೆಸರಿಟ್ಟಿದಾರೆ. ಹೊತ್ತು ತಿರುಗಿದ ಮಾವ ಬಾಗಿಲು ಹಾಕ್ಕೊಂಡು ಕೂತಿದಾನೆ. ನಿನಗೆ ನಗು ಬರತ್ತಾ?"

"ಅಮ್ಮಾ, ಮಾವ ಕದ್ದಿಲ್ಲ. ಯಾರೂ ಕದ್ದಿಲ್ಲ. ಕಳ್ಳ ಕೆರೆ ಒಳಗೇ ಇದಾನೆ!"

ಆಮೇಲೆ ನಮ್ಮಿಬ್ಬರನ್ನೂ ಕೂರಿಸಿ ಬಿಡಿಸಿ ಹೇಳಿದಳು. ಕೂಣಿ ಊರಿದರೆ ಕುಚ್ಚೂ ಸಿಗುತ್ತದೆ, ಸಸಲೂ ಸಿಗುತ್ತದೆ. ಸಸಲು ಬೇಗ ಮರಿಮಾಡಿ ಮತ್ತೆ ಕೆರೆ ತುಂಬಿಕೊಳ್ಳುತ್ತದೆ. ಕುಚ್ಚಿಗೆ ಕಾಲ ಬೇಕು. ಹಾಗಾಗಿ ಪ್ರತಿವರ್ಷದ ಬೇಟೆಯ ಪೆಟ್ಟು ಜೋರಾಗಿ ಬೀಳುವುದು ಕುಚ್ಚಿಗೇ. "ನೀವು ಬೇಟೆ ನಿಲ್ಲಿಸಿ ಸಸಲು ಉಳ್ಸಿದೀವಿ ಅಂದ್ಕೊಂಡ್ರಿ. ಉಳಿದದ್ದು ಕುಚ್ಚು. ಎರಡು ವರ್ಷ ಕೂತು ಉಂಡಿದೆ." ನೂರು ವರ್ಷದ ಹಿಂದೆ ಯಾವುದೋ ದೂರದ ಸಮುದ್ರದಲ್ಲಿ, ಯುದ್ಧದಿಂದಾಗಿ ಮೀನು ಹಿಡಿಯುವುದು ಕಡಿಮೆಯಾದಾಗ ಹೀಗೇ ಆಗಿತ್ತಂತೆ. ಅದನ್ನು ಬಿಡಿಸಲು ಹೊರಟಾಗಲೇ ಅವಳ ಸಮೀಕರಣಗಳು ಹುಟ್ಟಿದ್ದಂತೆ. ಎಷ್ಟೋ ಸಲ ಕಾಲೇಜಿನ ಬೋರ್ಡಿನ ಮೇಲೆ ಬರೆದು ಪಾಠ ಹೇಳಿದ್ದಾಳೆ. ಅದೇ ಲೆಕ್ಕ ತನ್ನ ಮಾವನ ಮನೆಯ ಮುಂದೆ ಈಜಾಡುತ್ತಿದೆ ಎಂದು ಅವಳಿಗೆ ಹೊಳೆದದ್ದು ಆ ಭಾನುವಾರ.

"ಇದನ್ನ ನನಗೆ ಹೇಳಿದ್ರೆ ಎಂತ ಬಂತು?" ಅಂದಳು ಅತ್ತಿಗೆ. "ಶೇಷಪ್ಪನಿಗೆ ಹೇಳು."

ಆ ಮಾತು ಸರಿಯಾಗಿತ್ತು. ಶೇಷಪ್ಪಣ್ಣ ಹೇಳಿದಂತೆ ಮೂರು ವರ್ಷ ಕೆರೆ ಮುಚ್ಚಿದರೆ ಕುಚ್ಚು ಇನ್ನೂ ಬೆಳೆಯುತ್ತದೆ. ಬೇಟೆಯ ದಿನ ಮತ್ತೆ ಕೂಣಿಗೆ ಕೆಸರೇ ಬರುತ್ತದೆ. ಆಗ ಕನ್ನಪ್ಪನನ್ನು ಕಳ್ಳನಲ್ಲ ಎನ್ನಲು ಹೆತ್ತ ತಾಯಿ ಎದ್ದು ಬಂದರೂ ಆಗದು.

ಅದೇ ಸಂಜೆ ಏರಿಯ ಮೇಲೆ ಜನ ಸೇರಿಸಿದೆ. ಶಿಲ್ಪಶ್ರೀ ಮೊದಲು ತನ್ನ ರೂಢಿಯಂತೆ, ಏರಿಯ ಈ ತುದಿಗಿರುವ ಹಾಲಿನ ಡೈರಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎರಡು ಸಾಲು ಬರೆದಳು. ಶೇಷಪ್ಪಣ್ಣ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದ.

"ಇದರಲ್ಲಿ ಮೀನು ಯಾವುದು ಮಗಾ?"

"ಇದು ಸಸಲು ಅಜ್ಜ. ಇದು ಕುಚ್ಚು."

"ಹಿಂಗಿದ್ರೆ ಕೂಣಿಗೆ ಎಲ್ಲಿ ಸಿಗ್ತಾವೆ?"

ಎಲ್ಲರೂ ನಕ್ಕರು. ಅವಳೂ ನಕ್ಕಳು. "ಸರಿ ಅಜ್ಜ. ಕಳ್ಳ ಬಂದಿದ್ದ ಅಂತಾನೇ ಇಟ್ಕೊಳ್ಳಿ. ದುಡ್ಡು ಹುಟ್ಟೋ ದೊಡ್ಡ ಕುಚ್ಚನ್ನೆಲ್ಲ ಬಿಟ್ಟು, ಬರೀ ಸಸಲು ಕದಿಯೋ ಕಳ್ಳನ್ನ ನೀವು ನೋಡಿದೀರಾ?"

"ಕುಚ್ಚು ಕೆಸರಲ್ಲಿ ಹುದುಗ್ತದೆ. ಬಲೆಗೆ ಎಲ್ಲಿ ಬರ್ತದೆ?" ಅಂದ ಶೇಷಪ್ಪಣ್ಣ. ಅದೂ ಸುಳ್ಳಲ್ಲ. ಜನ ತಲೆಯಾಡಿಸಿದರು. ನನ್ನ ಕೈ ಮುಷ್ಟಿಯಾಯಿತು.

ಶಿಲ್ಪಶ್ರೀ ಸೀಮೆಸುಣ್ಣ ಬಿಸಾಕಿದಳು. "ಹಾಗಾದ್ರೆ ಎಲ್ಲರೂ ಕೆಳಗಿಳೀರಿ," ಅಂದಳು.

ಒಣಗಿದ ಕೆರೆಯಂಗಳಕ್ಕೆ ಎಲ್ಲರನ್ನೂ ಇಳಿಸಿದಳು. ಶೇಷಪ್ಪಣ್ಣನನ್ನೂ ಇನ್ನೊಬ್ಬನನ್ನೂ ಕುಚ್ಚು ಮಾಡಿದಳು. ನನ್ನನ್ನು ಸೇರಿಸಿ ಒಂದು ಗುಂಪನ್ನು ಸಸಲು ಮಾಡಿದಳು. ಮಿಕ್ಕವರು ಏರಿಯ ಮೇಲೆ. ಅವಳು ಚಪ್ಪಾಳೆ ತಟ್ಟಿದಾಗ ಒಂದು ಸುತ್ತು. ಕುಚ್ಚು ಯಾವ ಸಸಲನ್ನು ಮುಟ್ಟುತ್ತದೋ ಆ ಸಸಲು ಸತ್ತು ಕುಚ್ಚಿನ ಮರಿಯಾಗಿ ಆ ಕಡೆ ಸೇರಬೇಕು. ಏನೂ ಸಿಗದ ಕುಚ್ಚು ಹಸಿದು ಸತ್ತು ಏರಿ ಹತ್ತಬೇಕು. ಉಳಿದುಕೊಂಡ ಸಸಲು ಏರಿಯಿಂದ ಒಬ್ಬರನ್ನು ತನ್ನ ಮರಿ ಎಂದು ಕರೆದುಕೊಳ್ಳಬಹುದು.

ಶೇಷಪ್ಪಣ್ಣನಿಗೆ ಅರವತ್ತೈದರ ಮೇಲಾಗಿದೆ. ಮೊದಲ ಸುತ್ತಿನಲ್ಲೇ ಬಂದು ನನ್ನ ಕಾಲರ್ ಹಿಡಿದ. "ತಿಂದೆ ನಿನ್ನ!"

"ಅಜೀರ್ಣ ಆಗತ್ತೆ ಶೇಷಪ್ಪಣ್ಣ, ಉಗೀರಿ!" ಎಂದು ಏರಿಯಿಂದ ಯಾರೋ ಕೂಗಿದರು. ಕೂಗಿದವನು ಯಾರೆಂದು ನಾನು ನೋಡಿಟ್ಟುಕೊಂಡೆ.

ಸುತ್ತಿನ ಮೇಲೆ ಸುತ್ತು ಹೋಯಿತು. ಮೊದಮೊದಲು ಸಸಲುಗಳು ಮರಿ ಕರೆಕರೆದು ಅಂಗಳ ತುಂಬಿದವು. ಬಿದ್ದರು, ಎದ್ದರು, ಲುಂಗಿ ಬಿಗಿದು ಕಟ್ಟಿಕೊಂಡು ಓಡಿದರು. ಅಷ್ಟರಲ್ಲಿ ಕುಚ್ಚುಗಳೂ ಹೆಚ್ಚಿ ಹೆಚ್ಚಿ, ನೋಡನೋಡುತ್ತ ಅಂಗಳದ ತುಂಬ ಕುಚ್ಚುಗಳೇ ಆಗಿಬಿಟ್ಟವು. ಕೊನೆಯ ಸಸಲನ್ನು ನಾಲ್ಕು ಜನ ಒಟ್ಟಿಗೆ ಹಿಡಿದು ನನಗೆ ತನಗೆ ಎಂದು ಕಿತ್ತಾಡಿದರು. ಮುಂದಿನ ಚಪ್ಪಾಳೆಗೆ ಹಿಡಿಯಲು ಯಾರೂ ಇರಲಿಲ್ಲ. ಎಲ್ಲ ಕುಚ್ಚುಗಳೂ ಹಸಿದು ಸತ್ತು ಏರಿ ಹತ್ತಿದವು. ಶೇಷಪ್ಪಣ್ಣ ಮಾತ್ರ ಏರಿ ಹತ್ತದೆ, ಖಾಲಿ ಅಂಗಳದಲ್ಲಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಒಬ್ಬನೇ ನಿಂತಿದ್ದ.

"ಯಾವ ಕಳ್ಳ ಬಂದಿದ್ದ ಅಜ್ಜ, ಸಸಲು ಎಲ್ಲಿ ಹೋಯ್ತು?" ಅಂದಳು ಶಿಲ್ಪಶ್ರೀ.

ಎರಡನೇ ಆಟಕ್ಕೆ ಅವಳು ಕೂಣಿಯನ್ನೂ ಸೇರಿಸಿದಳು. ಕೂಣಿ ಎಂದರೆ ಬೆಳ್ಳಮ್ಮ ಅತ್ತಿಗೆ. ಪ್ರತಿ ಸುತ್ತಿಗೂ ಅವಳು ಕೈಗೆ ಸಿಕ್ಕ ಒಂದು ಕುಚ್ಚನ್ನೂ ಒಂದು ಸಸಲನ್ನೂ ಎಳೆದು ಏರಿಗೆ ಹಾಕಬೇಕು. ಅತ್ತಿಗೆ ಸೀದಾ ಹೋಗಿ ಶೇಷಪ್ಪಣ್ಣನ ರಟ್ಟೆ ಹಿಡಿದಳು. "ಬಾ ಶೇಷಪ್ಪಣ್ಣ, ನಿನ್ನನ್ನೇ ಕಾಯ್ತಿದ್ದೆ!" ಅವತ್ತು ಏರಿಯ ಮೇಲೆ ಎದ್ದ ನಗು ನೇರಲಕೊಪ್ಪಕ್ಕೂ ಕೇಳಿರಬೇಕು. ಆ ಆಟ ಮುಗಿಯಲೇ ಇಲ್ಲ. ಕುಚ್ಚುಗಳು ಹೆಚ್ಚಲಿಲ್ಲ, ಸಸಲುಗಳು ತೀರಲಿಲ್ಲ, ಕತ್ತಲಾಗಿ ಮುಖ ಕಾಣದಾದಾಗ ನಿಲ್ಲಿಸಿದೆವು.

ಶೇಷಪ್ಪಣ್ಣ ಟವೆಲ್ಲಿನಿಂದ ಕತ್ತು ಒರೆಸಿಕೊಂಡ. "ಆಟ ಚೆಂದಿತ್ತು. ಆದ್ರೆ ಕೆರೆಗೆ ಆಟದ ನಿಯಮ ಗೊತ್ತಿಲ್ಲ."

ನಾನು ಎಗರಿದೆ. ಶಿಲ್ಪಶ್ರೀ ನನ್ನ ತೋಳು ಹಿಡಿದು, "ಅಜ್ಜ ಹೇಳೋದು ಸರಿ ಚಿಕ್ಕಪ್ಪ," ಅಂದಳು. ಅವನ ಕಡೆ ತಿರುಗಿದಳು. "ಅಜ್ಜ, ನಾನು ಮುಂಚೇನೇ ಹೇಳ್ತೀನಿ, ನೀವು ಕಣ್ಣಾರೆ ನೋಡಿ. ಬರೋ ಬೇಸಿಗೆ ಕೆರೆ ಬಿಡಬೇಡಿ. ಆ ಸಲ ಕುಚ್ಚೇ ಸಿಗೋದು, ಹಿಡೀರಿ. ಅದರ ಮುಂದಿನ ಬೇಸಿಗೆ ಕೂಣಿ ತುಂಬ ಸಸಲು ಬರತ್ತೆ. ಬರದಿದ್ರೆ ನಮ್ಮ ಮಾವನ್ನ ಏನಂತ ಬೇಕಾದ್ರೂ ಕರೀರಿ. ನಾನು ತಲೆ ತಗ್ಗಿಸ್ತೀನಿ."

"ನೋಡುವಾ."

"ಇನ್ನೊಂದು ಅಜ್ಜ. ನೇರಲಕೊಪ್ಪದವರೂ ಇಳೀಬೇಕು. ಕೂಣಿ ಕಮ್ಮಿ ಆದ್ರೆ ನನ್ನ ಲೆಕ್ಕ ಕೆಡತ್ತೆ."

ಶೇಷಪ್ಪಣ್ಣ ಬಹಳ ಹೊತ್ತು ಕೆರೆಯನ್ನೇ ನೋಡಿದ. ಅವನು ಕೆಟ್ಟವನಲ್ಲ, ಆ ಕೆರೆಯೆಂದರೆ ಅವನಿಗೆ ಜೀವ. "ಆಯ್ತು, ಲೆಕ್ಕಕ್ಕೋಸ್ಕರ," ಅಂದ.

ಆ ವರ್ಷ ಅವಳು ತೀರ್ಥಹಳ್ಳಿಯಿಂದ ಬಂದಾಗಲೆಲ್ಲ ಬಿದಿರಮಕ್ಕಿಯ ಸ್ಟಾಪಿನಲ್ಲಿ ಇಳಿಯದೆ ನೇರಲಕೊಪ್ಪದಲ್ಲಿ ಇಳಿಯುತ್ತಿದ್ದಳು. ಮೊದಲ ಸಲ ಕನ್ನಪ್ಪ ಬಾಗಿಲಲ್ಲೇ ತಡೆದನಂತೆ. "ಬಿದಿರಮಕ್ಕಿಯವರು ಬರಬಾರ್ದು ಅಂದಿಲ್ವಾ?"

"ನಾನು ತೀರ್ಥಹಳ್ಳಿಯಿಂದ ಬರ್ತಿದೀನಿ ಮಾವ. ಟಿಕೆಟ್ ತೋರಿಸ್ಲಾ?"

ಅವನು ಟಿಕೆಟ್ ಇಸಿದುಕೊಂಡು ನೋಡಿ ಒಳಗೆ ಬಿಟ್ಟನಂತೆ. ಆದರೆ ತಂಗಿಯ ವಿಷಯ ಎತ್ತಿದರೆ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದನಂತೆ. "ಅವಳ ಊರವರು ಕಳ್ಳ ಅಂದ್ರು. ಅವರೇ ಬಂದು ಅಲ್ಲ ಅನ್ನಲಿ," ಎಂಬುದೊಂದೇ ಮಾತು.

ಬೇಸಿಗೆ ಬಂತು. ಬೇಟೆಯ ದಿನ ನಾನು ಹೆಚ್ಚಿನ ಆಸೆಯಿಟ್ಟುಕೊಳ್ಳದೆ ಹೋದೆ. ಈ ಸಲ ಕುಚ್ಚೇ ಎಂದು ಅವಳು ಹೇಳಿದ್ದಳಲ್ಲ. ನೇರಲಕೊಪ್ಪದವರೂ ಬಂದಿದ್ದರು, ಕನ್ನಪ್ಪ ಮಾತ್ರ ಇಲ್ಲ. ಅವನು ತನ್ನ ಜಗಲಿಯ ಮೇಲೆ ಕೆರೆಗೆ ಬೆನ್ನು ಮಾಡಿ ಕೂತದ್ದು ದೂರದಿಂದಲೇ ಕಾಣುತ್ತಿತ್ತು. ಶಿಲ್ಪಶ್ರೀ ಏರಿಯ ಮೇಲೆ ಹೆಂಗಸರ ಜೊತೆ ನಿಂತಿದ್ದಳು.

ಟವೆಲ್ಲು ಬೀಸಿದ್ದೇ ಹಾರಿದೆವು. ಕೂಣಿ ಊರಿ ಕೈ ಹಾಕಿದೆ. ನನ್ನ ಬೆರಳ ಸಂದಿಯಲ್ಲೆಲ್ಲ ಏನೋ ಪುಳುಪುಳು ಹರಿದಾಡಿತು. ಹಿಡಿಯೆತ್ತಿ ನೋಡಿದರೆ ಸಸಲು! ಪಕ್ಕದವನ ಕೂಣಿಯಲ್ಲಿ ಸಸಲು. ಅದರಾಚೆಯವನೂ ಸಸಲೋ ಸಸಲು ಎಂದು ಅರಚುತ್ತಿದ್ದ. ಬೆಳ್ಳಿಯ ಕಾಸು ಎರಚಿದಂತೆ ಕೆರೆ ತುಂಬ ಹೊಳೆಯುತ್ತಿದ್ದವು. ಶೇಷಪ್ಪಣ್ಣ ಎರಡೂ ಕೈಯಲ್ಲಿ ಮೊಗೆದು ಮೊಗೆದು ಚೀಲಕ್ಕೆ ಹಾಕುತ್ತ, ನಡುವೆ ನಿಂತು ಕನ್ನಪ್ಪನ ಮನೆಯ ಕಡೆ ನೋಡಿದ. ಮತ್ತೆ ಬಗ್ಗಿದ. ಮತ್ತೆ ನೋಡಿದ.

ನಾನು ಮೀನು ಬಿಟ್ಟು ಏರಿಗೆ ಓಡಿದೆ. "ಗೆದ್ದೆ ಮಗಾ!"

ಅವಳು ಉಗುರು ಕಚ್ಚುತ್ತ ನಿಂತಿದ್ದಳು. "ಇಲ್ಲ ಚಿಕ್ಕಪ್ಪ. ಬರಬಾರದಿತ್ತು."

"ಎಂತ?"

"ಈ ವರ್ಷ ಬರಬಾರದಿತ್ತು! ಇಷ್ಟು ಬೇಗ ಹ್ಯಾಗೆ ಬಂತು?"

ನನಗೆ ಬಂದ ಸಿಟ್ಟಿಗೆ ಅವಳ ಯಾವ ಸಮೀಕರಣವೂ ಸಾಲುತ್ತಿರಲಿಲ್ಲ. ಊರೆಲ್ಲ ಕುಣಿಯುತ್ತಿದೆ, ಮಾವನ ಮೇಲಿನ ಕೆಟ್ಟ ಹೆಸರು ತೊಳೆದು ಹೋಗುತ್ತಿದೆ, ಇವಳಿಗೆ ಮೀನು ಬೇಗ ಬಂದದ್ದು ಚಿಂತೆ. ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಶೇಷಪ್ಪಣ್ಣ ಕೆರೆಯಿಂದೆದ್ದು ಏರಿಯ ಮೇಲೆ ಆ ತುದಿಗೆ ನಡೆಯತೊಡಗಿದ. ಮೈಯೆಲ್ಲ ಕೆಸರು, ಕೈಯಲ್ಲಿ ಮೀನಿನ ಚೀಲ. ಒಬ್ಬೊಬ್ಬರೇ ಅವನ ಹಿಂದೆ ಹೊರಟೆವು.

ಕನ್ನಪ್ಪ ತಿರುಗಿ ನೋಡಲಿಲ್ಲ. ಶೇಷಪ್ಪಣ್ಣ ಅಂಗಳದ ನಡುವೆ ನಿಂತ.

"ಕನ್ನಪ್ಪ, ನಾನು ಆಡಿದ ಮಾತು ತಪ್ಪು. ಎರಡೂ ಊರಿನ ಮುಂದೆ ಹೇಳ್ತಿದೀನಿ. ನೀನು ಕಳ್ಳ ಅಲ್ಲ."

"ಬೆಳಿಗ್ಗೆ ಸಾರಿಸಿದ ಅಂಗಳ ಅದು," ಅಂದ ಕನ್ನಪ್ಪ. "ಮೊದ್ಲು ಕಾಲು ತೊಳಿ."

"ತೊಳೀತೀನಿ. ಹೆಂಚಿನ ಮಾತನ್ನೂ ವಾಪಸ್ ತಗೊಂಡೆ."

"ಹಳೇ ಶಾಲೆ ಕೆಡವಿದಾಗ ಹರಾಜಲ್ಲಿ ತಂದ ಹೆಂಚು ಮಾರಾಯ. ನೀನು ಓದಿದ ಶಾಲೇದೇ. ಒಂದು ಮಾತು ಕೇಳಿದ್ರೆ ಹೇಳ್ತಿರ್ಲಿಲ್ವಾ?"

"ನಾನು ಎಲ್ಲಿ ಓದಿದೀನಿ?" ಅಂದ ಶೇಷಪ್ಪಣ್ಣ. ಮೊದಲು ನಕ್ಕವನು ಕನ್ನಪ್ಪ.

ಆ ನಗುವಿನ ನಡುವೆ ಬೆಳ್ಳಮ್ಮ ಅತ್ತಿಗೆ ಯಾರನ್ನೂ ಕೇಳದೆ, ಯಾರ ಮುಖವನ್ನೂ ನೋಡದೆ, ಮೀನಿನ ಚೀಲ ಕಿತ್ತುಕೊಂಡು ಸೀದಾ ಅಡಿಗೆಮನೆಗೆ ಹೋದಳು.

"ಯಾರದು ಒಳಗೆ ಹೋಗಿದ್ದು?" ಕನ್ನಪ್ಪ ದನಿಯೇರಿಸಿದ.

"ಬಿದಿರಮಕ್ಕಿಯವಳು," ಒಳಗಿನಿಂದ ಉತ್ತರ ಬಂತು. "ಮೆಣಸಿನಪುಡಿ ಎಲ್ಲಿಟ್ಟಿದೀಯ ಹೇಳು."

ಕನ್ನಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತೇ ಒರೆಸಿಕೊಂಡ. "ಮೇಲಿನ ಹಲಗೆ ಮೇಲಿದೆ," ಅಂದ.

ಸಾರು ಕುದಿದು ಎಲೆ ಹಾಕುವ ಹೊತ್ತಿಗೆ ನೋಡಿದರೆ ಶಿಲ್ಪಶ್ರೀಯೇ ಇಲ್ಲ. ಹುಡುಕಿಕೊಂಡು ಏರಿಗೆ ಬಂದೆ. ಜನವೆಲ್ಲ ಎದ್ದು ಹೋದ ಕೆರೆಯಲ್ಲಿ ಅವಳೊಬ್ಬಳೇ ಮೊಣಕಾಲು ನೀರಿನಲ್ಲಿ ಬಗ್ಗಿ ನಿಂತಿದ್ದಳು. ನಮ್ಮಲ್ಲಿ ಅಲ್ಲಿಯವರೆಗೆ ಬೇಟೆಯ ದಿನ ಹೆಂಗಸರು ನೀರಿಗೆ ಇಳಿದದ್ದಿಲ್ಲ. ಹಳೆಯ ತೂಬು ಕುಸಿದು ಕಲ್ಲುಗಳು ಗುಡ್ಡೆಯಾಗಿ ಬಿದ್ದಿರುವ ಜಾಗ ಅದು. ಕಲ್ಲಿನ ಮೇಲೆ ಕೂಣಿ ಊರಲಾಗದು, ಹಾಗಾಗಿ ಯಾರೂ ಆ ಕಡೆ ಹೋಗುವುದಿಲ್ಲ. ಅವಳು ದುಪಟ್ಟಾ ಬಿಚ್ಚಿ ಕಲ್ಲಿನ ಸಂದಿಗೆ ಬಲೆಯಂತೆ ಹಿಡಿದಿದ್ದಳು.

"ಚಿಕ್ಕಪ್ಪ, ಬೇಗ ಬಾ! ಇಲ್ಲಿ ನೋಡು!"

ಹೋದೆ. ಅವಳು ದುಪಟ್ಟಾ ಎತ್ತಿದಳು. ಅದರ ತುಂಬ ಸಸಲು ಮರಿ, ಅಕ್ಕಿಕಾಳಿನಷ್ಟು ಸಣ್ಣವು.

"ಕುಚ್ಚು ಈ ಸಂದಿಗೆ ತೂರಲ್ಲ. ಅಷ್ಟು ಕುಚ್ಚು ಇದ್ದಾಗ್ಲೂ ಇಲ್ಲಿ ಒಂದಿಷ್ಟು ಬದುಕಿದ್ವು, ಅವೇ ಬೇಗ ಕೆರೆ ತುಂಬಿದ್ವು. ನನ್ನ ಸಮೀಕರಣದಲ್ಲಿ ಅಡಗೋ ಜಾಗಾನೇ ಇರ್ಲಿಲ್ಲ ಚಿಕ್ಕಪ್ಪ! ಎಲ್ಲಾ ಮೀನೂ ಬಯಲಲ್ಲೇ ಇರತ್ತೆ ಅಂತ ಬರೆದಿದ್ದೆ. ಎಂಥಾ ಪೆದ್ದಿ ನಾನು!" ಪೆದ್ದಿ ಎಂದು ಅಷ್ಟು ಖುಷಿಯಿಂದ ತನ್ನನ್ನೇ ಬೈದುಕೊಂಡವರನ್ನು ನಾನು ಕಂಡದ್ದು ಅದೇ ಮೊದಲು. ಆ ಕಲ್ಲಿನ ಸಂದಿಯನ್ನು ಲೆಕ್ಕಕ್ಕೆ ಸೇರಿಸಿ ಅವಳು ಬರೆದ ಪ್ರಬಂಧಕ್ಕೇ ಮುಂದೆ ಡಾಕ್ಟರೇಟ್ ಬಂದದ್ದು. ಅವತ್ತು ಮಾತ್ರ ನನಗೆ ಕಂಡದ್ದು ತಲೆಗೂದಲಿಗೆಲ್ಲ ಕೆಸರು ಮೆತ್ತಿಕೊಂಡು ಹಲ್ಲು ಬಿಡುತ್ತಿದ್ದ ಅಣ್ಣನ ಮಗಳು.

ಗಲಾಟೆ ಕೇಳಿ ಶೇಷಪ್ಪಣ್ಣ, ಕನ್ನಪ್ಪ ಇಬ್ಬರೂ ಏರಿಗೆ ಬಂದರು. ಅವಳು ನೀರಿನಿಂದಲೇ ಎಲ್ಲವನ್ನೂ ಕೂಗಿ ಹೇಳಿದಳು. ಶೇಷಪ್ಪಣ್ಣ ಪೂರ್ತಿ ಕೇಳಿಸಿಕೊಂಡು, ಹೆಗಲ ಟವೆಲ್ಲು ಸರಿಮಾಡಿಕೊಂಡ. "ಹಾಗಾದ್ರೆ ಈ ತೂಬಿನ ಕಲ್ಲು ಯಾರೂ ಅಲ್ಲಾಡಿಸೋ ಹಾಗಿಲ್ಲ. ಇಲ್ಲಿ ಯಾರೂ ಮೀನು ಹಿಡಿಯೋ ಹಾಗಿಲ್ಲ. ಇದರ ಕಾವಲು ಇವತ್ತಿಂದ ಕನ್ನಪ್ಪಂದು. ಏನಂತೀಯಾ?"

ಕನ್ನಪ್ಪ ಪಂಚೆ ಎತ್ತಿ ಕಟ್ಟಿದ. ಎದೆಯುಬ್ಬಿಸಿ ಏರಿಯ ಅಂಚಿಗೆ ಬಂದು ನಿಂತ.

"ಏಯ್, ತೂಬಿನ ಹತ್ರ ಯಾರದು?" ಎಂದು ಕೆರೆ ಕಂಪಿಸುವಂತೆ ಗದರಿದ. "ಮೀನು ಬಿಟ್ಟು ಮೇಲೆ ಬಾ! ಎಲೆ ಹಾಕಿದಾರೆ!"

"ಐದೇ ನಿಮಿಷ ಮಾವ," ಅಂದಳು ಶಿಲ್ಪಶ್ರೀ, ಇನ್ನೊಂದು ಸಂದಿಗೆ ಬಗ್ಗುತ್ತ.